ಎಲ್ಲರೂ ಸ್ವಲ್ಪ ಇಲ್ಲಿ ನೋಡಿ!

ಪ್ರೀ-ವೆಡ್ಡಿಂಗ್‌ಗೆ ಡ್ರೋನ್, ಮುಹೂರ್ತಕ್ಕೆ ಕ್ಯಾಂಡಿಡ್, ಇನ್‌ಸ್ಟಾಗ್ರಾಂಗೆ ರೀಲ್ಸ್! ಇಷ್ಟೆಲ್ಲ ಸಡಗರದ ನಡುವೆ, ಎಲ್ಲರೂ ಸಾಲಾಗಿ ನಿಂತು ತೆಗೆಸಿಕೊಳ್ಳುವ ಸ್ಟೇಜ್ ಫೋಟೊ ಅಂದರೆ ಮೂಗು ಮುರಿಯುವವರೇ ಹೆಚ್ಚು. ಮೂವತ್ತು ವರ್ಷ ಕಳೆದ ಮೇಲೆ ಮನೆಮಂದಿ ಬೀರು ತೆಗೆದು ಹುಡುಕುವುದು ಮಾತ್ರ ಅದನ್ನೇ.

ಸಂಜೆ ಏಳೂವರೆ. ಕಲ್ಯಾಣ ಮಂಟಪದ ವೇದಿಕೆಯ ಮೆಟ್ಟಿಲಿನಿಂದ ಶುರುವಾದ ಸಾಲು ಊಟದ ಹಾಲ್‌ನ ಬಾಗಿಲು ದಾಟಿದೆ. ಕೈಯಲ್ಲಿ ಕವರು, ಕಂಕುಳಲ್ಲಿ ಮಗು, ಸೆಕೆಗೆ ಮುದುಡಿದ ರೇಷ್ಮೆ ಸೀರೆ. ನಕ್ಕೂ ನಕ್ಕೂ ಮದುಮಕ್ಕಳ ದವಡೆ ಸೋತಿದೆ. ವೇದಿಕೆಯೆದುರು ಸ್ಟೂಲ್ ಹತ್ತಿ ನಿಂತ ಫೋಟೊಗ್ರಾಫರ್ ಒಂದೇ ರಾಗದಲ್ಲಿ ಕೂಗುತ್ತಿದ್ದಾನೆ: ‘ಅಂಕಲ್, ಸ್ವಲ್ಪ ಒಳಗೆ ಬನ್ನಿ... ಮೇಡಂ, ಮಗೂನ ಮುಂದೆ ನಿಲ್ಸಿ... ಅಜ್ಜಿ, ತಲೆ ಎತ್ತಿ... ಎಲ್ಲರೂ ಸ್ವಲ್ಪ ಇಲ್ಲಿ ನೋಡಿ!’ ಫ್ಲ್ಯಾಶ್ ಮಿಂಚುತ್ತದೆ, ಸಾಲು ಒಂದು ಹೆಜ್ಜೆ ಮುಂದೆ ಸರಿಯುತ್ತದೆ. ಅದೇ ಹೊತ್ತಿಗೆ ಕೆಳಗೆ, ಹೂವಿನ ಕಂಬದ ಮರೆಯಲ್ಲಿ ಕಪ್ಪು ಟೀ ಶರ್ಟಿನ ಇನ್ನೊಬ್ಬ ಫೋಟೊಗ್ರಾಫರ್ ಉಸಿರು ಬಿಗಿಹಿಡಿದು ಕಾಯುತ್ತಿದ್ದಾನೆ. ಮದುಮಗಳು ಗೆಳತಿಯ ಕಿವಿಯಲ್ಲಿ ಏನೋ ಹೇಳಿ ನಗುವ ಆ ಒಂದು ಗಳಿಗೆ ಅವನಿಗೆ ಬೇಕು. ಮೊದಲನೆಯವನು ‘ಟ್ರೆಡಿಷನಲ್’, ಎರಡನೆಯವನು ‘ಕ್ಯಾಂಡಿಡ್’. ಪ್ಯಾಕೇಜಿನ ಪಟ್ಟಿಯಲ್ಲಿ ಎರಡನೆಯವನ ಹೆಸರು ಮೇಲೆ, ದರವೂ ಮೇಲೆ.

ಆಷಾಢ ಕಳೆದು ಶ್ರಾವಣ ಬಂದರೆ ಛತ್ರಗಳು ಮತ್ತೆ ತುಂಬುತ್ತವೆ. ಅದೇ ಹೊತ್ತಿಗೆ ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನವೂ ಬರುತ್ತದೆ. ಮದುವೆಯ ಕ್ಯಾಮೆರಾ ಯಾರಿಗಾಗಿ ಎಂದು ಕೇಳಿಕೊಳ್ಳಲು ಇದು ಒಳ್ಳೆಯ ಸಮಯ. ‘ಮದುಮಕ್ಕಳಿಗಾಗಿ, ಇನ್ನೇನು?’ ಎನ್ನುವುದು ಮಾರುಕಟ್ಟೆಯ ಉತ್ತರ. ಇಂದಿನ ಪ್ಯಾಕೇಜುಗಳೆಲ್ಲ ಹುಟ್ಟಿರುವುದು ಆ ಉತ್ತರದಿಂದಲೇ. ಅದು ಅರ್ಧ ಸತ್ಯ ಎಂಬುದು ಈ ಲೇಖನದ ವಾದ. ಮದುವೆಯ ಫೋಟೊವನ್ನು ಮೊದಲ ವಾರ ನೋಡುವವರು ಮದುಮಕ್ಕಳು ಮತ್ತು ಅವರ ಗೆಳೆಯರು. ಅದನ್ನು ಹೆಚ್ಚು ಕಾಲ, ಹೆಚ್ಚು ಆಸ್ಥೆಯಿಂದ ನೋಡುವವರು ಇನ್ನೂ ಹುಟ್ಟದ ಮಕ್ಕಳು, ಮೊಮ್ಮಕ್ಕಳು, ಒಮ್ಮೊಮ್ಮೆ ನ್ಯಾಯಾಲಯ ಮತ್ತು ವೀಸಾ ಕಚೇರಿ. ಈ ಎರಡನೆಯ ಗಿರಾಕಿಗೆ ಬೇಕಾದದ್ದನ್ನು ತೆಗೆಯುವವನು ಸ್ಟೂಲ್ ಮೇಲೆ ನಿಂತವನು. ಅವನನ್ನೇ ನಾವು ಅಗ್ಗ ಮಾಡಿಕೊಂಡಿದ್ದೇವೆ.

ರಾಣಿಯ ಮದುವೆಯ ಫೋಟೊ ಎಲ್ಲಿ?

ಪೋಸ್ ಕೊಟ್ಟದ್ದು ಕೃತಕ, ಗೊತ್ತಾಗದಂತೆ ತೆಗೆದದ್ದೇ ನಿಜ ಎಂಬ ನಂಬಿಕೆ ಈಚಿನದು. ಫ್ರಾನ್ಸ್‌ನಲ್ಲಿ ಡಾಗೆರ್ ಕಂಡುಹಿಡಿದ ಛಾಯಾಗ್ರಹಣ ವಿಧಾನವನ್ನು ಜಗತ್ತಿಗೆ ವಿವರಿಸಿದ್ದು 1839ರ ಆಗಸ್ಟ್ 19ರಂದು. ಅದಾದ ಆರೇ ತಿಂಗಳಿಗೆ, 1840ರ ಫೆಬ್ರವರಿ 10ರಂದು, ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮದುವೆಯಾದರು. ಆ ಮದುವೆಯ ಒಂದೇ ಒಂದು ಫೋಟೊ ಇಲ್ಲ. ಇಂದು ಅವರ ಮದುವೆಯದೆಂದು ಎಲ್ಲೆಡೆ ಹರಿದಾಡುವ ಚಿತ್ರವನ್ನು ರೋಜರ್ ಫೆಂಟನ್ ತೆಗೆದದ್ದು 1854ರಲ್ಲಿ. ಮದುವೆಯಾಗಿ ಹದಿನಾಲ್ಕು ವರ್ಷದ ಮೇಲೆ, ದರ್ಬಾರಿನ ಉಡುಪಿನಲ್ಲಿ ನಿಂತು ತೆಗೆಸಿಕೊಂಡದ್ದು ಅದು. 1858ರಲ್ಲಿ ಮಗಳ ಮದುವೆಯ ದಿನ ರಾಣಿ ನಿಜಕ್ಕೂ ಕ್ಯಾಮೆರಾ ಮುಂದೆ ನಿಂತಳು. ಆ ಚಿತ್ರದಲ್ಲಿ ರಾಣಿಯ ಮುಖವೇ ಅಲುಗಿ ಮಸುಕಾಗಿದೆ! ಬೆಳಕು ಫಲಕದ ಮೇಲೆ ಕೂರಲು ಕೆಲವು ಕ್ಷಣ ಬೇಕಿದ್ದ ಆ ಕಾಲದಲ್ಲಿ ಅಲುಗದೆ ನಿಲ್ಲುವುದು ಅನಿವಾರ್ಯ. ಹೀಗೆ ಮದುವೆಯ ಫೋಟೊಗ್ರಫಿ ಹುಟ್ಟಿದ್ದೇ ‘ಸುಮ್ಮನೆ ನಿಂತು ಇಲ್ಲಿ ನೋಡಿ’ ಎಂಬ ಅಪ್ಪಣೆಯಿಂದ.

ನಮ್ಮಲ್ಲೂ ಹಾಗೆಯೇ. ಬೆಂಗಳೂರು, ಮೈಸೂರು, ಧಾರವಾಡದಂಥ ಊರುಗಳಲ್ಲಿ ಸ್ಟುಡಿಯೊಗಳು ತಲೆಯೆತ್ತಿದಾಗ ದಂಪತಿಯೇ ಅಲ್ಲಿಗೆ ಹೋಗಿ, ಬಣ್ಣದ ಪರದೆಯ ಮುಂದೆ ಒಬ್ಬರು ಕೂತು ಇನ್ನೊಬ್ಬರು ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಕ್ಯಾಮೆರಾ ಸ್ಟುಡಿಯೊದಿಂದ ಚಪ್ಪರಕ್ಕೆ ಬಂದದ್ದು ಆಮೇಲೆ. ಯಾಷಿಕಾದಂಥ ಕ್ಯಾಮೆರಾದಲ್ಲಿ 120ರ ಒಂದು ರೋಲ್‌ಗೆ ಸಿಗುತ್ತಿದ್ದದ್ದು 12 ಚಿತ್ರ. ಎರಡು ರೋಲ್ ತಂದರೆ 24. ಅಷ್ಟರಲ್ಲಿ ಧಾರೆ, ಮಾಂಗಲ್ಯಧಾರಣೆ, ಸಪ್ತಪದಿ ಮುಗಿಯಬೇಕು, ಎರಡೂ ಕಡೆಯ ಬೀಗರು, ಸೋದರಮಾವಂದಿರು, ಊರ ಹಿರಿಯರು ಎಲ್ಲರೂ ಬರಬೇಕು. ಆದ್ದರಿಂದ ಒಂದೊಂದು ಕ್ಲಿಕ್‌ಗೂ ಲೆಕ್ಕವಿತ್ತು, ಒಂದೊಂದರಲ್ಲೂ ಆದಷ್ಟು ಜನರನ್ನು ತುಂಬುವ ಜಾಣ್ಮೆಯಿತ್ತು. ಬಡತನ ಕಲಿಸಿದ ಆ ಶಿಸ್ತಿನಿಂದಾಗಿಯೇ ಅಜ್ಜಿಯ ಕಾಲದ ಇಪ್ಪತ್ತು ಚಿತ್ರ ಹೇಳುವಷ್ಟು ಕಥೆಯನ್ನು ಇಂದಿನ ನಾಲ್ಕು ಸಾವಿರ ಫೈಲು ಹೇಳುವುದಿಲ್ಲ.

► ಬೆಳಕಿನ ಹೆಜ್ಜೆಗಳು
1839: ಆಗಸ್ಟ್ 19ರಂದು ಡಾಗೆರ್ ವಿಧಾನ ಬಹಿರಂಗ.
1910: ಬೆಂಗಳೂರಿನಲ್ಲಿ ಜಿ.ಕೆ. ವೇಲ್ ಸ್ಟುಡಿಯೊ ಆರಂಭ.
1996: ಅಮೆರಿಕದ ಜಾರ್ಜಿಯಾದ ಕಂಬರ್‌ಲ್ಯಾಂಡ್ ದ್ವೀಪದ ಪುಟ್ಟ ಚರ್ಚಿನಿಂದ ಹೊರಬರುತ್ತ ಜಾನ್ ಎಫ್. ಕೆನಡಿ ಜೂನಿಯರ್ ವಧುವಿನ ಕೈಗೆ ಮುತ್ತಿಟ್ಟ ಕ್ಷಣವನ್ನು ಡೆನಿಸ್ ರೆಜಿ ಸೆರೆಹಿಡಿದರು. ಪತ್ರಿಕಾ ಛಾಯಾಗ್ರಹಣದ ಶೈಲಿ ಮದುವೆಗೂ ಬೇಕೆಂಬ ಆಸೆಗೆ ಆ ಚಿತ್ರ ರೆಕ್ಕೆ ಕೊಟ್ಟಿತು.
2008: ಕ್ಯಾನನ್ 5ಡಿ ಮಾರ್ಕ್ 2 ಮಾರುಕಟ್ಟೆಗೆ. ಸ್ಟಿಲ್ ಕ್ಯಾಮೆರಾದಲ್ಲೇ ಸಿನಿಮಾದಂಥ ವಿಡಿಯೊ ಸಾಧ್ಯವಾಯಿತು, ‘ವೆಡ್ಡಿಂಗ್ ಫಿಲ್ಮ್’ ಯುಗ ಶುರುವಾಯಿತು.
2016: ಜಪಾನಿನ ಫುನಾಯ್ ಕಂಪನಿ ವಿಸಿಆರ್ ತಯಾರಿಕೆ ನಿಲ್ಲಿಸಿತು. ಮದುವೆಯ ಕ್ಯಾಸೆಟ್ಟುಗಳು ಅನಾಥವಾದವು.

ನೆಂಟರನ್ನು ಅಳಿಸುವ ಲೆನ್ಸ್

ಕ್ಯಾಂಡಿಡ್ ಚಿತ್ರದ ಸೊಗಸಿನ ಗುಟ್ಟು ಹಿನ್ನೆಲೆಯ ಮಸುಕಿನಲ್ಲಿದೆ. ಅದಕ್ಕೆಂದೇ 85 ಎಂಎಂ, ಎಫ್ 1.4ರಂಥ ದುಬಾರಿ ಲೆನ್ಸ್ ಬೇಕು. ಈ ಲೆನ್ಸನ್ನು ಪೂರ್ತಿ ತೆರೆದು ಎರಡು ಮೀಟರ್ ದೂರದಲ್ಲಿರುವ ಮದುಮಗಳ ಕಣ್ಣಿಗೆ ಫೋಕಸ್ ಮಾಡಿದರೆ, ಸ್ಪಷ್ಟವಾಗಿ ಕಾಣುವ ಆಳ ನಾಲ್ಕೈದು ಸೆಂಟಿಮೀಟರ್ ಮಾತ್ರ. ಕಣ್ಣು ಸ್ಪಷ್ಟ, ಕಿವಿಯ ಜುಮುಕಿ ಆಗಲೇ ಮಂಜು. ಹಿಂದೆ ನಿಂತ ಸೋದರತ್ತೆ ಬಣ್ಣದ ಒಂದು ಮುದ್ದೆ. ಅದೇ ಸ್ಟೂಲ್ ಮೇಲಿನವನು 35 ಎಂಎಂ ಲೆನ್ಸನ್ನು ಎಫ್ 8ಕ್ಕೆ ಇಟ್ಟು ನಾಲ್ಕು ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ, ಸುಮಾರು ಎರಡೂಕಾಲು ಮೀಟರಿನಿಂದ ಹದಿನೆಂಟು ಮೀಟರಿನವರೆಗೆ ನಿಂತವರೆಲ್ಲ ಸ್ಪಷ್ಟ. ಮೂರು ಸಾಲಿನ ನೆಂಟರಷ್ಟೇ ಏಕೆ, ಹಿಂದಿನ ಗೋಡೆಗೆ ಅಂಟಿಸಿದ ಮದುಮಕ್ಕಳ ಹೆಸರನ್ನೂ ಓದಬಹುದು. ಇದು ಅಭಿರುಚಿಯ ಜಗಳವಷ್ಟೇ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಯಾವುದನ್ನು ಉಳಿಸಬೇಕು, ಯಾವುದನ್ನು ಕರಗಿಸಬೇಕು ಎಂಬ ನಿರ್ಧಾರ ಲೆನ್ಸಿನ ಒಳಗೇ ಇದೆ. ಹೆಚ್ಚು ಹಣ ತೆತ್ತಷ್ಟೂ ಹೆಚ್ಚು ನೆಂಟರು ಕರಗುತ್ತಾರೆ ಎಂಬುದು ಈ ವ್ಯವಹಾರದ ತಮಾಷೆ.

ಗ್ರೂಪ್ ಫೋಟೊ ಸುಲಭದ ಕೆಲಸ, ಯಾರು ಬೇಕಾದರೂ ತೆಗೆಯಬಹುದು ಎಂಬ ಸಸಾರವೂ ಇದರ ಜೊತೆಗೇ ಬೆಳೆದಿದೆ. ಒಮ್ಮೆ ಆ ಸ್ಟೂಲಿನ ಬಳಿ ನಿಂತು ಗಮನಿಸಿದರೆ ಗೊತ್ತಾಗುತ್ತದೆ. ಜಾಗ ಸಾಲದೆಂದು 24 ಎಂಎಂ ಲೆನ್ಸ್ ಹಾಕಿದರೆ ಸಾಲಿನ ತುದಿಯಲ್ಲಿ ನಿಂತವರು ಅಡ್ಡಡ್ಡ ಹಿಗ್ಗಿ ದಪ್ಪಗಾಗುತ್ತಾರೆ. ಆದ್ದರಿಂದ ಬಲ್ಲವನು ಹಿಂದೆ ಸರಿದು, ತುದಿಯವರನ್ನು ಅರ್ಧಚಂದ್ರಾಕಾರದಲ್ಲಿ ಒಳಕ್ಕೆ ಕರೆದು ನಿಲ್ಲಿಸುತ್ತಾನೆ. ಲೈಟನ್ನು ನೇರ ಎದುರಿಗೆ ಇಟ್ಟರೆ ಹಿರಿಯರ ಕನ್ನಡಕವೆಲ್ಲ ಬಿಳಿ ಬಿಲ್ಲೆ. ಓರೆಯಾಗಿ, ಎತ್ತರದಲ್ಲಿ ಇಡಬೇಕು. ಹಿಂದಿನ ಎಲ್‌ಇಡಿ ಪರದೆಯ ಮಿಣುಕು ಚಿತ್ರದಲ್ಲಿ ಪಟ್ಟೆಪಟ್ಟೆಯಾಗಿ ಮೂಡದಂತೆ ಶಟರ್ ವೇಗ ಹೊಂದಿಸಬೇಕು. ಇಪ್ಪತ್ತು ಜನರಲ್ಲಿ ಒಬ್ಬರಾದರೂ ಕಣ್ಣು ಮುಚ್ಚೇ ಮುಚ್ಚುತ್ತಾರೆ, ಹಾಗಾಗಿ ಒಂದಕ್ಕೆ ಮೂರು ಕ್ಲಿಕ್. ಇದೆಲ್ಲ ಮುಗಿಯಲು ಸಿಗುವುದು ಅರ್ಧ ನಿಮಿಷ. ಏಕೆಂದರೆ ಹಿಂದೆ ಸಾಲು ಕಾಯುತ್ತಿದೆ, ಸಾಲಿನವರ ಹಸಿವೂ ಕಾಯುತ್ತಿದೆ.

ಗೋಡೆಯ ಮೇಲಿನ ಹಾರ

ಹಳ್ಳಿಯ ಮದುವೆಗಳಲ್ಲಿ ಚಪ್ಪರದ ಬಾಗಿಲಲ್ಲಿ ಮೇಜು ಹಾಕಿ ಮುಯ್ಯಿ ಬರೆಯುವ ರೂಢಿ ಈಗಲೂ ಇದೆ. ಹೆಸರು, ಊರು, ಕೊಟ್ಟ ಮೊತ್ತ. ಓದಿ ಸಂತೋಷಪಡಲೆಂದು ಯಾರೂ ಆ ಪುಸ್ತಕ ಬಿಡಿಸುವುದಿಲ್ಲ, ಎಸೆಯುವವರೂ ಇಲ್ಲ. ಯಾರು ನಮ್ಮವರಾಗಿ ಬಂದರು, ನಾವು ಯಾರಿಗೆ ಬಾಕಿ ಎಂಬ ಸಂಬಂಧದ ಲೆಕ್ಕ ಅದರಲ್ಲಿದೆ. ಸ್ಟೇಜ್ ಫೋಟೊಗಳೂ ಅಂಥದೇ ಒಂದು ಮುಯ್ಯಿ ಪುಸ್ತಕ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯು 1965ರಲ್ಲಿ ಫೋಟೊಗ್ರಫಿಯ ಸಾಮಾಜಿಕ ಬಳಕೆಯ ಬಗ್ಗೆ ಹೊರತಂದ ಪುಸ್ತಕದಲ್ಲಿ, ತನ್ನ ಊರಿನ ಕಡೆಯ ರೈತಾಪಿ ಮದುವೆಗಳ ಗ್ರೂಪ್ ಫೋಟೊಗಳನ್ನು ಬಂಧುತ್ವದ ನಕ್ಷೆಯಂತೆ ಓದುತ್ತಾನೆ. ಯಾರು ನಡುವೆ ಕೂತರು, ಯಾರು ಅಂಚಿಗೆ ಸರಿದರು, ಯಾರು ಬರಲೇ ಇಲ್ಲ ಎನ್ನುವುದೆಲ್ಲ ಅಲ್ಲಿ ಮಾಹಿತಿಯೇ. ನಮ್ಮ ಗ್ರೂಪ್ ಫೋಟೊಗಳನ್ನೂ ಹಾಗೆ ಓದಬಹುದು. ಕುರ್ಚಿಯಲ್ಲಿ ಗಂಡಸರು, ಜಮಖಾನದ ಮೇಲೆ ಮಕ್ಕಳು, ಹಿಂದಿನ ಸಾಲಿನ ತುದಿಯಲ್ಲಿ ಸೊಸೆಯಂದಿರು, ಹಳೆಯ ಚಿತ್ರಗಳಲ್ಲಿ ಕಾಣಲೇ ಸಿಗದ ವಿಧವೆಯರು. ಮನೆತನ ತನ್ನನ್ನು ಹೇಗೆ ಜೋಡಿಸಿಕೊಂಡಿತ್ತು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುವ ದಾಖಲೆ ಇದು. ಆ ಜೋಡಣೆ ಸರಿಯಿತ್ತೇ ಎಂದು ಮೊಮ್ಮಕ್ಕಳು ಕೇಳಬೇಕಾದರೂ ಮೊದಲು ಚಿತ್ರ ಇರಬೇಕು.

ಇನ್ನೊಂದು ಸಾಕ್ಷ್ಯ ನಮ್ಮ ಗೋಡೆಗಳ ಮೇಲೇ ಇದೆ. ಹಾರ ಹಾಕಿ, ಕುಂಕುಮವಿಟ್ಟು ತೂಗುಹಾಕಿದ ಎಷ್ಟೋ ಹಿರಿಯರ ಚಿತ್ರಗಳನ್ನು ಸೂಕ್ಷ್ಮವಾಗಿ ನೋಡಿ. ಭುಜದ ಪಕ್ಕ ಇನ್ಯಾರದೋ ಸೆರಗಿನ ತುದಿ ಕಾಣುತ್ತದೆ, ಹಿನ್ನೆಲೆಯನ್ನು ನೀಲಿ ಬಣ್ಣ ಬಳಿದು ಮುಚ್ಚಲಾಗಿರುತ್ತದೆ. ಅದು ಯಾವುದೋ ಮದುವೆಯ ಗ್ರೂಪ್ ಫೋಟೊದಿಂದ ಕತ್ತರಿಸಿ ದೊಡ್ಡದು ಮಾಡಿಸಿದ ಮುಖ. ತನಗಾಗಿಯೇ ಸ್ಟುಡಿಯೊಗೆ ಹೋಗಿ ಒಂದು ಫೋಟೊ ತೆಗೆಸಿಕೊಳ್ಳದ ಲಕ್ಷಾಂತರ ಜನರ ಏಕೈಕ ನೇರ ಮುಖದ ಚಿತ್ರ ಇನ್ನೊಬ್ಬರ ಮದುವೆಯಲ್ಲಿ ಸಿಕ್ಕಿದ್ದು. ಪತ್ರಿಕೆಯ ಶ್ರದ್ಧಾಂಜಲಿಗೂ ಅದೇ, ತಿಥಿಯ ದಿನ ಮಣೆಯ ಮೇಲೆ ಇಡುವುದಕ್ಕೂ ಅದೇ. ಪಕ್ಕಕ್ಕೆ ತಿರುಗಿ ನಗುತ್ತಿರುವ, ಅರ್ಧ ಮಂಜಾದ ಕ್ಯಾಂಡಿಡ್ ಚಿತ್ರ ಈ ಕೆಲಸಕ್ಕೆ ಬರುವುದಿಲ್ಲ. ಮುಖ ನೇರವಾಗಿ, ಸ್ಪಷ್ಟವಾಗಿ ಬರಬೇಕು ಎಂಬ ನಮ್ಮ ಜನರ ಹಳೆಯ ಹಟವನ್ನು ಅರಸಿಕತನ ಎಂದು ನಕ್ಕವರು ಅದರ ಹಿಂದಿದ್ದ ಈ ದೂರದೃಷ್ಟಿಯನ್ನು ಕಾಣಲಿಲ್ಲ.

ದಾಖಲೆ ಎಂದ ಮೇಲೆ ಬಣ್ಣವೂ ನಿಜವಾಗಿರಬೇಕು. ಫಿಲ್ಮ್ ಕಾಲದಲ್ಲಿ ಕೊಡಾಕ್ ಕಂಪನಿ ಲ್ಯಾಬುಗಳಿಗೆ ಕೊಡುತ್ತಿದ್ದ ‘ಶರ್ಲಿ ಕಾರ್ಡ್’ನಲ್ಲಿ ಇದ್ದದ್ದು ಬಿಳಿಯ ಹೆಣ್ಣಿನ ಚಿತ್ರ. ಆ ಚರ್ಮಕ್ಕೆ ತಕ್ಕಂತೆ ಯಂತ್ರದ ಬಣ್ಣ ಹೊಂದಿಸಿದರೆ ಕಂದು, ಕಪ್ಪು ಮೈಬಣ್ಣಗಳು ತಮ್ಮ ವಿವರ ಕಳೆದುಕೊಳ್ಳುತ್ತಿದ್ದವು. ಅದು ಯಂತ್ರ ಮಾಡಿದ ಅನ್ಯಾಯ. ಇಂದಿನ ಕ್ಯಾಮೆರಾ ಎಣ್ಣೆಗೆಂಪು ಬಣ್ಣವನ್ನು ಇದ್ದಂತೆಯೇ ತೋರಿಸಬಲ್ಲದು. ಈಗ ಎಡಿಟಿಂಗ್ ಮೇಜಿನಲ್ಲಿ ಮದುಮಗಳನ್ನು ಎರಡು ಪಟ್ಟು ಬೆಳ್ಳಗೆ ಮಾಡಿಸುತ್ತಿರುವವರು ನಾವೇ. ಮಗಳಿಗೆ ತನ್ನ ಬಣ್ಣ ಎಲ್ಲಿಂದ ಬಂತೆಂದು ಅಮ್ಮನ ಮದುವೆಯ ಆಲ್ಬಂನಲ್ಲಿ ಗೊತ್ತಾಗದಿದ್ದರೆ ಆ ಆಲ್ಬಂ ಸುಳ್ಳು ಹೇಳಿದಂತೆ.

ಏಳನೆಯ ಹೆಜ್ಜೆಯ ಸಾಕ್ಷಿ

ಮದುವೆಯ ಚಿತ್ರಕ್ಕೆ ಭಾವನೆಯ ಆಚೆಗೂ ಒಂದು ಬದುಕಿದೆ. ಹಿಂದೂ ವಿವಾಹ ಕಾಯ್ದೆ, 1955ರ ಏಳನೆಯ ಸೆಕ್ಷನ್ ಪ್ರಕಾರ ವಧು ಅಥವಾ ವರನ ಕಡೆಯ ಸಂಪ್ರದಾಯದ ವಿಧಿಗಳಂತೆ ಮದುವೆ ನಡೆಯಬೇಕು. ಸಪ್ತಪದಿ ಆ ವಿಧಿಯ ಭಾಗವಾಗಿದ್ದರೆ ಏಳನೆಯ ಹೆಜ್ಜೆ ಇಟ್ಟಾಗಲೇ ಮದುವೆ ಪೂರ್ಣ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಆಗಸ್ಟೀನ್ ಜಾರ್ಜ್ ಮಸೀಹ್ ಅವರ ಪೀಠ, ವಿಧಿವಿಧಾನಗಳೇ ನಡೆಯದೆ ಬರೀ ಪ್ರಮಾಣಪತ್ರ ಪಡೆದಿದ್ದ ಜೋಡಿಯ ಪ್ರಕರಣದಲ್ಲಿ, ಅದು ಮದುವೆಯೇ ಅಲ್ಲ ಎಂದು ತೀರ್ಪಿತ್ತಿತು. ಹಾಡು, ಕುಣಿತ, ಔತಣಗಳಿಂದ ಮದುವೆಯಾಗುವುದಿಲ್ಲ ಎಂಬುದು ಆ ತೀರ್ಪಿನ ತಿರುಳು. ಹಾಗಾದರೆ ವಿಧಿ ನಡೆದದ್ದಕ್ಕೆ ಸಾಕ್ಷಿ ಏನು? ಪುರೋಹಿತರು, ನೆಂಟರು ಮತ್ತು ಫೋಟೊ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿಗೆ ಹೋದಾಗಲೂ ಆಹ್ವಾನ ಪತ್ರಿಕೆಯ ಜೊತೆ ಮದುವೆಯ ಫೋಟೊ ಕೇಳುತ್ತಾರೆ. ಕೆನಡಾಕ್ಕೋ ಅಮೆರಿಕಕ್ಕೋ ಹೋದ ಕನ್ನಡಿಗರು ಸಂಗಾತಿಯನ್ನು ಕರೆಸಿಕೊಳ್ಳುವಾಗ ಸಲ್ಲಿಸುವ ಕಡತದಲ್ಲೂ ಮದುವೆಯ ಚಿತ್ರಗಳಿರುತ್ತವೆ. ಎರಡೂ ಮನೆಯವರು ಒಟ್ಟಿಗೆ ನಿಂತ ಚಿತ್ರಕ್ಕೆ ಅಲ್ಲಿ ಹೆಚ್ಚು ತೂಕ. ಮೂರು ನಿಮಿಷದ ‘ಹೈಲೈಟ್ಸ್’ನಲ್ಲಿ ತಾಳಿ ಕಟ್ಟುವುದು ಒಂದು ಸೆಕೆಂಡು, ಅದೂ ನಿಧಾನಗತಿಯಲ್ಲಿ, ಅಕ್ಷತೆಯ ಕಾಳುಗಳ ಮೇಲೆ ಫೋಕಸ್ಸು. ಏಳು ಹೆಜ್ಜೆಗಳಲ್ಲಿ ಕಾಣುವುದು ಎರಡೋ ಮೂರೋ.

► ಹಕ್ಕು ಯಾರದು?
ಮಾಲೀಕತ್ವ: ಕೃತಿಸ್ವಾಮ್ಯ ಕಾಯ್ದೆ, 1957ರ 17ನೇ ಸೆಕ್ಷನ್ ಪ್ರಕಾರ ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕುದಾರ ತೆಗೆಸಿದವರೇ. ಬೇರೆ ಒಪ್ಪಂದ ಇದ್ದರೆ ಮಾತ್ರ ಇದು ಬದಲಾಗುತ್ತದೆ. ಆದ್ದರಿಂದ ಅಡ್ವಾನ್ಸ್ ಕೊಡುವಾಗ ಸಹಿ ಹಾಕುವ ಕಾಗದವನ್ನು ಓದಿ.
ಸಾಕ್ಷ್ಯ: ಡಿಜಿಟಲ್ ಚಿತ್ರ ನ್ಯಾಯಾಲಯದಲ್ಲಿ ವಿದ್ಯುನ್ಮಾನ ದಾಖಲೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನಂತೆ ಇದಕ್ಕೆ ಪ್ರಮಾಣಪತ್ರ ಬೇಕು. ಮೂಲ ಫೈಲ್ ಜೋಪಾನವಾಗಿದ್ದರೆ ಒಳ್ಳೆಯದು.
ಸೇವಾಲೋಪ: ಹಣ ಪಡೆದು ಫೋಟೊ, ಆಲ್ಬಂ ಕೊಡದಿದ್ದರೆ ಗ್ರಾಹಕರ ಆಯೋಗಕ್ಕೆ ದೂರು ನೀಡಬಹುದು.

‘ಆದರೆ...’ ಎನ್ನುವವರಿಗೆ

ಸ್ಟೇಜ್ ಫೋಟೊ ಎಂದರೆ ಮದುಮಕ್ಕಳಿಗೆ ಶಿಕ್ಷೆ, ಎಲ್ಲ ಚಿತ್ರವೂ ಒಂದೇ ಥರ, ಅದರಲ್ಲಿ ಜೀವವೇ ಇಲ್ಲ ಎಂಬುದು ಮೊದಲ ಆಕ್ಷೇಪ. ಶಿಕ್ಷೆ ಎಂಬುದನ್ನು ಒಪ್ಪಬೇಕು. ಮೂರು ನಾಲ್ಕು ತಾಸು ಭಾರದ ಹಾರ, ಒಡವೆ ಹೊತ್ತು ನಿಲ್ಲುವುದು ಸುಖವಲ್ಲ. ಆದರೆ ತಪ್ಪು ಇರುವುದು ಸಾಲಿನ ಉದ್ದದಲ್ಲಿ, ಆಹ್ವಾನಿತರ ಸಂಖ್ಯೆಯಲ್ಲಿ. ಇನ್ನು ಎಲ್ಲವೂ ಒಂದೇ ಥರ ಎಂಬ ದೂರು, ಆಲ್ಬಂ ಬಂದ ವಾರದಲ್ಲಿ ಮಾತ್ರ ನಿಜ. ಹತ್ತು ವರ್ಷ ಕಳೆಯಲಿ. ಒಂದೇ ಥರದ ಆ ಚೌಕಟ್ಟಿನಿಂದಾಗಿಯೇ ಹೋಲಿಕೆ ಸಾಧ್ಯವಾಗುತ್ತದೆ. ಅಕ್ಕನ ಮದುವೆಯಲ್ಲಿ ನೆಟ್ಟಗೆ ನಿಂತಿದ್ದ ಚಿಕ್ಕಪ್ಪ ತಂಗಿಯ ಮದುವೆಯಲ್ಲಿ ಕೋಲು ಹಿಡಿದಿದ್ದಾರೆ, ಜಮಖಾನದ ಮೇಲೆ ಅಳುತ್ತಿದ್ದ ಹುಡುಗ ಈಗ ಕುರ್ಚಿ ಜೋಡಿಸುತ್ತಿದ್ದಾನೆ. ಇದನ್ನು ಕಾಣಿಸುವ ಶಕ್ತಿ ಒಂದೊಂದೂ ಬೇರೆ ಬೇರೆಯಾಗಿರಲು ಹೆಣಗುವ ಚಿತ್ರಗಳಿಗೆ ಇಲ್ಲ.

ಎರಡನೆಯ ಆಕ್ಷೇಪ ಕ್ಯಾಂಡಿಡ್ ಪರವಾದದ್ದು: ಹೆಣ್ಣೊಪ್ಪಿಸುವಾಗ ಅಪ್ಪನ ಕಣ್ಣಲ್ಲಿ ತುಂಬಿದ ನೀರನ್ನು ‘ಇಲ್ಲಿ ನೋಡಿ’ ಎಂದು ತೆಗೆಯಲು ಆಗುತ್ತದೆಯೇ? ಆಗುವುದಿಲ್ಲ. ಅಂತರಪಟ ಸರಿದ ಗಳಿಗೆಯಲ್ಲಿ ಜೀರಿಗೆ-ಬೆಲ್ಲ ಹಾಕಲು ಕೈಯೆತ್ತಿದ ಜೋಡಿಯ ಮುಖದ ತುಂಟತನವನ್ನು ಹಿಡಿಯಲು ನುರಿತ ಕ್ಯಾಂಡಿಡ್ ಫೋಟೊಗ್ರಾಫರೇ ಬೇಕು. ನನ್ನ ತಕರಾರು ಕ್ಯಾಂಡಿಡ್ ಕಲೆಯ ಮೇಲಲ್ಲ, ಆ ಹೆಸರಿನಲ್ಲಿ ನಡೆಯುವ ನಾಟಕದ ಮೇಲೆ. ‘ಮೇಡಂ, ಕಿಟಕಿ ಕಡೆ ನೋಡಿ ಏನೋ ನೆನಪಾದ ಹಾಗೆ ನಗಿ’ ಎಂದು ಹೇಳಿಸಿಕೊಂಡು ನಕ್ಕದ್ದು ಗ್ರೂಪ್ ಫೋಟೊಗಿಂತ ದೊಡ್ಡ ಪೋಸು. ಗ್ರೂಪ್ ಫೋಟೊ ತಾನು ಪೋಸು ಎಂದು ಒಪ್ಪಿಕೊಳ್ಳುತ್ತದೆ, ಇದು ಒಪ್ಪಿಕೊಳ್ಳುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ ವಿಧಿಯನ್ನೇ ಕ್ಯಾಮೆರಾಕ್ಕೆ ಬಗ್ಗಿಸುವುದು. ‘ಸ್ವಾಮಿ, ಒಂದು ನಿಮಿಷ, ಮತ್ತೊಮ್ಮೆ’ ಎಂದು ಮುಹೂರ್ತದ ಹೊತ್ತಿನಲ್ಲಿ ಪುರೋಹಿತರನ್ನು ತಡೆಯುವ, ಮದುಮಕ್ಕಳ ಸುತ್ತ ಗೋಡೆಯಂತೆ ನಿಂತು ಧಾರೆಯ ನೀರು ಹೆತ್ತವರಿಗೇ ಕಾಣದಂತೆ ಮಾಡುವ ತಂಡ ಸಾಕ್ಷಿಯ ಜಾಗ ಬಿಟ್ಟು ಯಜಮಾನನ ಜಾಗ ಹಿಡಿದಿದೆ.

ಮೂರನೆಯದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ನಮ್ಮ ಮದುವೆಗಳು ಹೆತ್ತವರವು, ನೆಂಟರವು. ಛತ್ರ, ಊಟ, ಸೀರೆ, ಕರೆಯಬೇಕಾದವರ ಪಟ್ಟಿ, ಯಾವುದೂ ಮದುಮಕ್ಕಳ ಕೈಯಲ್ಲಿಲ್ಲ. ನಿಶ್ಚಿತಾರ್ಥವಾದ ಜೋಡಿಗೆ ಪ್ರೀ-ವೆಡ್ಡಿಂಗ್ ಶೂಟ್ ಒಂದೇ ತಮ್ಮದೆನ್ನುವ ಜಾಗ. ಮನೆಯವರು ನೋಡಿ ಒಪ್ಪಿಸಿದ ಇಬ್ಬರು ಅರ್ಧ ದಿನ ಒಟ್ಟಿಗೆ ಓಡಾಡಿ, ಹರಟಿ, ಕೈ ಹಿಡಿದು ನಡೆಯಲು ಕ್ಯಾಮೆರಾ ಒಂದು ಒಪ್ಪಿತ ನೆಪ. ಈ ವಾದದಲ್ಲಿ ಸತ್ಯವಿದೆ, ಅದನ್ನು ತಳ್ಳಿಹಾಕಬಾರದು. ಆದರೆ ನೆಪವೇ ನಿಜವನ್ನು ನುಂಗಿದರೆ? 2020ರ ನವೆಂಬರ್‌ನಲ್ಲಿ ತಲಕಾಡು ಬಳಿಯ ಮುಡುಕುತೊರೆಯಲ್ಲಿ ಚಿತ್ರೀಕರಣಕ್ಕೆಂದು ತೆಪ್ಪ ಹತ್ತಿದ ಜೋಡಿ ಕಾವೇರಿಯಲ್ಲಿ ಮುಳುಗಿ ಹೋಯಿತು. ಮದುವೆಗೆ ಕೆಲವೇ ದಿನಗಳಿದ್ದವು. 2024ರ ಫೆಬ್ರವರಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಗುತ್ತಿಗೆ ವೈದ್ಯರೊಬ್ಬರು ನಕಲಿ ಆಪರೇಷನ್ ಮಾಡುತ್ತ ಪ್ರೀ-ವೆಡ್ಡಿಂಗ್ ವಿಡಿಯೊ ಮಾಡಿಸಿಕೊಂಡು ಕೆಲಸ ಕಳೆದುಕೊಂಡರು. ಇವು ಅಪವಾದಗಳು, ನಿಜ. ಆದರೆ ಎರಡರ ಬೇರೂ ಒಂದೇ: ಇತರರ ವಿಡಿಯೊಗಿಂತ ನಮ್ಮದು ಬೇರೆಯಾಗಿರಬೇಕೆಂಬ ಒತ್ತಡ. ಜೋಡಿಗೆ ಬೇಕಾದ ಏಕಾಂತಕ್ಕೆ ಊರಾಚೆಯ ಕೆರೆ ಏರಿ ಸಾಕು, ಡ್ರೋನ್ ಬೇಕಿಲ್ಲ.

‘ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ನೆಂಟರ ಫೋಟೊ ನೆಂಟರೇ ತೆಗೆದುಕೊಳ್ಳುತ್ತಾರೆ’ ಎನ್ನುವವರಿಗೂ ಉತ್ತರ ಬೇಕು. ಮೊಬೈಲ್ ಹಿಡಿದವರು ತೆಗೆಯುವುದು ತಮ್ಮವರನ್ನು. ಬಂದವರನ್ನೆಲ್ಲ ಒಬ್ಬರನ್ನೂ ಬಿಡದೆ ತೆಗೆಯುವ ಹೊಣೆ ಯಾರದೂ ಅಲ್ಲ. ಒಂಟಿಯಾಗಿ ಬಂದ ಹಳೆಯ ಮೇಷ್ಟ್ರು, ಸೆಲ್ಫಿಗೆ ಕರೆಸಿಕೊಳ್ಳದ ಅಡುಗೆಯವರು, ಮೂಲೆಯಲ್ಲಿ ಕೂತ ಓಲಗದವರು ಯಾವ ಮೊಬೈಲಿನಲ್ಲೂ ಇರುವುದಿಲ್ಲ. ತೆಗೆದ ಚಿತ್ರವಾದರೂ ವಾಟ್ಸ್‌ಆ್ಯಪ್‌ನಲ್ಲಿ ಕುಗ್ಗಿ, ಗ್ರೂಪಿನಿಂದ ಗ್ರೂಪಿಗೆ ಹಾರಿ, ಹೊಸ ಮೊಬೈಲ್ ಕೊಂಡ ದಿನ ಮಾಯವಾಗುತ್ತದೆ. ಮದುವೆಯೇ ಸರಳವಾಗಿದ್ದರೆ ಈ ಚರ್ಚೆ ಬೇಕೇ ಎಂದು ಕೇಳುವವರೂ ಇದ್ದಾರೆ. ಪುರೋಹಿತರಿಲ್ಲದ, ಅದ್ದೂರಿಯಿಲ್ಲದ ‘ಮಂತ್ರ ಮಾಂಗಲ್ಯ’ವನ್ನು ಕುವೆಂಪು ರೂಪಿಸಿ ತಮ್ಮ ಮಗನ ಮದುವೆಯಿಂದಲೇ ಆರಂಭಿಸಿದರು. ಆ ಮಗ ಪೂರ್ಣಚಂದ್ರ ತೇಜಸ್ವಿ ಮುಂದೆ ಹಕ್ಕಿಗಳ ಬೆನ್ನು ಹತ್ತಿದ ಅಪ್ಪಟ ಫೋಟೊಗ್ರಾಫರ್! ಅಂಥ ಮದುವೆಯಲ್ಲೂ ನೆರೆದವರ ಮುಂದೆ ಪ್ರಮಾಣ ಮಾಡುವುದೇ ಮುಖ್ಯ. ನೆರೆದವರೆಲ್ಲ ಒಂದೇ ಚೌಕಟ್ಟಿನಲ್ಲಿ ಕೂರುವಷ್ಟಿರುವುದು ಸರಳ ಮದುವೆಯ ಹೆಚ್ಚುಗಾರಿಕೆ.

ಹೊಸದಾದಷ್ಟೂ ಅಲ್ಪಾಯುಷಿ

ಈ ಕಥೆಯಲ್ಲಿ ತಂತ್ರಜ್ಞಾನ ಮುಂದೆ ಹೋದಷ್ಟೂ ಆಯಸ್ಸು ಹಿಂದೆ ಹೋಗಿದೆ. ಬೆಳ್ಳಿಯ ಕಣಗಳಿಂದ ಮೂಡಿದ 1950ರ ದಶಕದ ಕಪ್ಪು-ಬಿಳುಪು ಚಿತ್ರಗಳು ಇಂದಿಗೂ ಗಟ್ಟಿ. 1970-80ರ ದಶಕದ ಕಲರ್ ಪ್ರಿಂಟುಗಳು ಆಲ್ಬಂ ಮುಚ್ಚಿಟ್ಟರೂ ಕೆಂಪಗಾಗಿವೆ, ಏಕೆಂದರೆ ಅವುಗಳ ನೀಲಿ-ಹಸಿರು ಬಣ್ಣ ಕತ್ತಲಲ್ಲೂ ಕರಗುತ್ತದೆ. 1990ರ ದಶಕದಲ್ಲಿ ಹ್ಯಾಲೊಜನ್ ದೀಪದ ಧಗೆಯಲ್ಲಿ ಬೆವರುತ್ತ ತೆಗೆಸಿದ ವಿಡಿಯೊ ಕ್ಯಾಸೆಟ್ಟಿಗೆ ಬೂಸ್ಟು ಹಿಡಿದಿದೆ, ಹಾಕಿ ನೋಡಲು ವಿಸಿಆರ್ ಇಲ್ಲ. ಆಮೇಲಿನ ಡಿವಿಡಿ ಹಾಕಲು ಲ್ಯಾಪ್‌ಟಾಪಿನಲ್ಲಿ ಸಂದಿಯೇ ಇಲ್ಲ. ಈಗಿನದು ಹಾರ್ಡ್ ಡಿಸ್ಕ್, ಪೆನ್‌ಡ್ರೈವ್, ಅವಧಿ ಮುಗಿದರೆ ಅಳಿಸಿಹೋಗುವ ಲಿಂಕ್. ಒಂದು ರಾ ಫೈಲ್ 25 ಎಂಬಿ ಎಂದರೂ ನಾಲ್ಕು ಸಾವಿರ ಚಿತ್ರಕ್ಕೆ 100 ಜಿಬಿ. ಅಷ್ಟನ್ನು ಹತ್ತಾರು ವರ್ಷ ಕಾಯುವ ವ್ಯವಸ್ಥೆ ಸ್ಟುಡಿಯೊಗೂ ಇಲ್ಲ, ಮನೆಗೂ ಇಲ್ಲ. ಆದ್ದರಿಂದ ಆರಿಸಿ ಪ್ರಿಂಟ್ ಹಾಕಿಸದ ಚಿತ್ರ ತೆಗೆಯದ ಚಿತ್ರಕ್ಕೆ ಸಮ ಎಂದರೆ ಅತಿಶಯೋಕ್ತಿಯಾಗಲಾರದು.

► ಅಡ್ವಾನ್ಸ್ ಕೊಡುವ ಮುನ್ನ
● ಬಿಡಬಾರದ ನೆಂಟರ, ಬಿಡಬಾರದ ವಿಧಿಗಳ ಪಟ್ಟಿಯನ್ನು ಬರೆದುಕೊಡಿ. ಮುಖ ಗುರುತು ಹಿಡಿಯಬಲ್ಲ ಒಬ್ಬ ನೆಂಟರನ್ನು ಫೋಟೊಗ್ರಾಫರ್ ಜೊತೆ ಬಿಡಿ.
● ಕ್ಯಾಮೆರಾ ಏಕಕಾಲಕ್ಕೆ ಎರಡು ಕಾರ್ಡಿಗೆ ಬರೆಯುವಂಥದೇ ಎಂದು ಕೇಳಿ. ಒಂದು ಕೆಟ್ಟರೆ ಇನ್ನೊಂದಿರುತ್ತದೆ.
● ಫೈಲುಗಳ ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ.
● ಚರ್ಮದ ಬಣ್ಣ ಬದಲಿಸಬಾರದು ಎಂದು ಮೊದಲೇ ಹೇಳಿ.
● ಆಲ್ಬಂನ ಕೊನೆಯ ಪುಟದಲ್ಲಿ ಗ್ರೂಪ್ ಫೋಟೊಗಳ ಹೆಸರುಪಟ್ಟಿ ಅಚ್ಚು ಹಾಕಿಸಿ.

ಈ ಕೊನೆಯ ಸಲಹೆಗೆ ಕಾಸು ಖರ್ಚಿಲ್ಲ, ಆದರೆ ಎಲ್ಲಕ್ಕಿಂತ ಮುಖ್ಯ. ಹಳೆಯ ಆಲ್ಬಂ ಬಿಡಿಸಿದಾಗ ‘ಇವರು ಯಾರು?’ ಎಂಬ ಪ್ರಶ್ನೆಗೆ ಉತ್ತರ ಬಲ್ಲ ಅಜ್ಜಿ ಇರುವವರೆಗೆ ಮಾತ್ರ ಮುಖಕ್ಕೆ ಹೆಸರಿರುತ್ತದೆ. ಮದುವೆಯ ಮರುವಾರ, ಇನ್ನೂ ಎಲ್ಲರ ನೆನಪು ಹಸಿಯಾಗಿರುವಾಗ, ಮನೆಯವರು ಒಂದು ಸಂಜೆ ಕೂತರೆ ಈ ಪಟ್ಟಿ ಆಗುತ್ತದೆ.

ಉಳಿದದ್ದು ಹಣದ ಮಾತು. ಮದುವೆಯ ಸೀಸನ್ನಿನಲ್ಲಿ ಟ್ರೆಡಿಷನಲ್ ಫೋಟೊಗ್ರಾಫರನ್ನು ಪ್ಯಾಕೇಜಿನ ಬಾಲಂಗೋಚಿ ಮಾಡಿ, ಕಲಿಯುತ್ತಿರುವ ಹುಡುಗನ ಕೈಗೆ ಕ್ಯಾಮೆರಾ ಕೊಟ್ಟು ಸ್ಟೂಲ್ ಹತ್ತಿಸುವುದು ಇಂದಿನ ರೂಢಿ. ಕಡಿಮೆ ಕೊಟ್ಟಲ್ಲಿ ಕಡಿಮೆ ಕೌಶಲ ಬರುತ್ತದೆ, ಆಮೇಲೆ ‘ನೋಡಿ, ಸ್ಟೇಜ್ ಫೋಟೊ ಚೆನ್ನಾಗೇ ಬರೋದಿಲ್ಲ’ ಎಂದು ಅದನ್ನೇ ದೂರುತ್ತೇವೆ. ಈ ಸುಳಿಯನ್ನು ಮುರಿಯುವುದು ಗಿರಾಕಿಗಳ ಕೈಯಲ್ಲಿದೆ. ಬಜೆಟ್ ಬಿಗಿಯಾದಾಗ ಮೊದಲು ಕತ್ತರಿ ಬೀಳಬೇಕಾದದ್ದು ಡ್ರೋನಿಗೆ, ಆಮೇಲೆ ಪ್ರೀ-ವೆಡ್ಡಿಂಗ್‌ಗೆ, ಆಮೇಲೆ ಹೈಲೈಟ್ಸ್‌ಗೆ. ಮುಹೂರ್ತವನ್ನೂ ಮುಖಗಳನ್ನೂ ಬಿಡದೆ ತೆಗೆಯುವ ಒಬ್ಬ ನುರಿತ ಫೋಟೊಗ್ರಾಫರ್, ಮತ್ತು ಆ ಚಿತ್ರಗಳನ್ನು ಕಾಗದದ ಮೇಲೆ ಇಳಿಸುವ ಖರ್ಚು, ಇವೆರಡಕ್ಕೆ ಕತ್ತರಿ ಬೀಳಬಾರದು. ಕೂಗಿ ಕೂಗಿ ಗಂಟಲು ಹರಿದುಕೊಳ್ಳುವ ಆ ಮನುಷ್ಯನಿಗೆ ಕ್ಯಾಂಡಿಡ್ ಫೋಟೊಗ್ರಾಫರ್‌ಗೆ ಕೊಟ್ಟಷ್ಟೇ ಕೊಡಿ, ಹೊತ್ತಿಗೆ ಸರಿಯಾಗಿ ಊಟಕ್ಕೂ ಕರೆಯಿರಿ. ಮೊಮ್ಮಕ್ಕಳ ಲೆಕ್ಕದಲ್ಲಿ ಅದು ಮದುವೆಯ ಅತಿ ಅಗ್ಗದ ಖರ್ಚು.